ಅಯ್ಯನಕೆರೆ ಕಾಲುವೆ ನಡಿಗೆ: ತೂಬಿನ ಬುಡದಿಂದ ಕೊನೆ ಗದ್ದೆಯವರೆಗೆ

ಚಿಕ್ಕಮಗಳೂರು ಜಿಲ್ಲೆಯ ಅಯ್ಯನಕೆರೆಯ ಮುಂದೆ ನಿಂತು ಸೂರ್ಯಾಸ್ತದ ಫೋಟೊ ತೆಗೆಸಿಕೊಳ್ಳಬೇಕು ಅನ್ನುವವರಿಗೆ ಈ ನಡಿಗೆ ಅಲ್ಲ. ಅದಕ್ಕೆ ಏರಿಯ ಮೇಲೆ ಹದಿನೈದು ನಿಮಿಷ ಸಾಕು, ದುಡ್ಡೂ ಬೇಡ. ಸಖರಾಯಪಟ್ಟಣದ ಕಡೆಯ ಕೆಲವು ಹುಡುಗರು ಸೇರಿ ಭಾನುವಾರಗಳಂದು ನಡೆಸುವ ಕಾಲುವೆ ನಡಿಗೆ ಕೆರೆಗೆ ಬೆನ್ನು ಹಾಕಿ, ಏರಿಯಿಂದ ಇಳಿದು, ನೀರು ಹೋಗುವ ದಾರಿಯಲ್ಲೇ ಹೋಗುತ್ತದೆ. ಬೆಳಿಗ್ಗೆ ಆರೂವರೆಗೆ ಶುರು, ಹನ್ನೊಂದರ ಹೊತ್ತಿಗೆ ಮುಗಿತಾಯ. ದೂರ ಸುಮಾರು ಆರು ಕಿಲೋಮೀಟರ್. ತಿಂಡಿ ಸೇರಿ ತಲೆಗೆ 350 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಆ ದುಡ್ಡು ನಿಜವಾಗಿ ಸಲ್ಲುವುದು ಎರಡೇ ಜಾಗದಲ್ಲಿ: ಏರಿಯ ಕೆಳಗೆ, ಕೆರೆಯಿಂದ ಕಾಲುವೆಗೆ ನೀರು ಬಿಡುವ ಕಂಡಿಯಾದ ತೂಬಿನ ಹತ್ತಿರ ಒಂದು, ಕಾಲುವೆ ಮುಗಿಯುವ ಕಡೆ ಇನ್ನೊಂದು. ನಡುವಿನ ಒಂದೂವರೆ ಗಂಟೆಯನ್ನು ಇನ್ನೂ ಬಿಗಿಯಾಗಿ ಮಾಡಬಹುದಿತ್ತು.

ಈ ಕೆರೆ ಇಲ್ಲೇ ಯಾಕೆ ಅನ್ನುವುದನ್ನು ಗೈಡ್ ಏರಿಯ ಮೇಲೆ ನಿಲ್ಲಿಸಿ ಚೆನ್ನಾಗಿಯೇ ತೋರಿಸುತ್ತಾರೆ. ಒಂದು ಕಡೆ ಶಕುನಗಿರಿ, ಅದರ ಹಿಂದೆ ಬಾಬಾಬುಡನ್‌ಗಿರಿ ಸಾಲು. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ, 1,930 ಮೀಟರ್, ಅದೇ ಸಾಲಿನಲ್ಲಿದೆ. ಮುಂಗಾರಿನ ಮಳೆಯೆಲ್ಲ ಅಲ್ಲಿ ಸುರಿದು ಮುಗಿಯುತ್ತದೆ. ಬೆಟ್ಟದ ಈಚೆ ಕಡೂರು ಬಯಲಿಗೆ ಇಳಿದರೆ ಮಳೆ ಸರ್ರನೆ ಕಡಿಮೆ, ರಾಗಿಯ ಸೀಮೆ ಶುರು. ಮಳೆ ಒಂದು ಕಡೆ, ನೀರು ಬೇಕಾದ ಭೂಮಿ ಇನ್ನೊಂದು ಕಡೆ. ಆ ಎರಡರ ನಡುವಿನ ಕೊರಳಲ್ಲಿ ಹಳ್ಳಕ್ಕೆ ಏರಿ ಕಟ್ಟಿದ್ದೇ ಅಯ್ಯನಕೆರೆ. ಒಂದೂವರೆ ಸಾವಿರ ಹೆಕ್ಟೇರಿಗೂ ಮಿಕ್ಕ ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಭೂಮಿ, ಇದರ ಕಾಲುವೆಗಳನ್ನೇ ನೆಚ್ಚಿಕೊಂಡಿದೆ. ಇಲ್ಲಿಂದ ಹೊರಬೀಳುವ ವೇದಾ ಹಳ್ಳಕ್ಕೆ ಮದಗದ ಕೆರೆ ಕಡೆಯ ಅವತಿ ಸೇರಿ ವೇದಾವತಿ ಆಗುತ್ತದೆ. ಅದೇ ನೀರು ಮುಂದೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಕೆರೆ ತುಂಬಿ ಹೊರಬೀಳುವ ಕೋಡಿ ನೀರು ಬೇರೆ, ತೂಬಿನ ನೀರು ಬೇರೆ ಅನ್ನುವುದು ಮಾತ್ರ ಇಲ್ಲೇ ತಲೆಗೆ ಹೋಗಬೇಕು. ಕೋಡಿ ಬಿದ್ದರೆ ನದಿಗೆ, ತೂಬು ತೆಗೆದರೆ ಗದ್ದೆಗೆ. ಇದನ್ನು ಗೈಡ್ ಒಂದು ಸಾಲಿನಲ್ಲಿ ಹೇಳಿ ದಾಟಿಬಿಡುತ್ತಾರೆ. ಪಟ್ಟಣದಿಂದ ಬಂದವರಲ್ಲಿ ಅರ್ಧ ಜನ ಕೊನೆಯವರೆಗೂ ಎರಡನ್ನೂ ಒಂದೇ ಅಂದುಕೊಂಡೇ ನಡೆಯುತ್ತಾರೆ.

ಇತಿಹಾಸದ ಭಾಗ ಸಡಿಲ. ಕೆರೆಯನ್ನು ಕಟ್ಟಿಸಿದವನು ಸಖರಾಯಪಟ್ಟಣವನ್ನು ಆಳಿದ ರುಕ್ಮಾಂಗದರಾಯ ಎಂಬುದು ಊರ ನಂಬಿಕೆ, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಅದು ಜೀರ್ಣೋದ್ಧಾರ ಆಯಿತು ಎಂಬುದು ದಾಖಲಾದ ಮಾತು. ಗೈಡ್ ಎರಡನ್ನೂ ಕಲಸಿ ‘1156ರಲ್ಲಿ ಕಟ್ಟಿದ ಕೆರೆ’ ಅನ್ನುತ್ತಾರೆ. ರಿಪೇರಿಗೆ ಬಂದ ಕೆರೆ ಅದಕ್ಕಿಂತ ಹಳೆಯದೇ ಆಗಿರಬೇಕಲ್ಲ! ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಎಂಬ ಮಾತೂ ಬರುತ್ತದೆ. ಚನ್ನಗಿರಿಯ ಸೂಳೆಕೆರೆಯವರೂ ತಮ್ಮ ಕೆರೆಗೆ ಇದನ್ನೇ ಹೇಳಿಕೊಳ್ಳುತ್ತಾರೆ, ಕಿವಿಗೆ ಹಾಕಿಕೊಳ್ಳದೆ ಮುಂದೆ ನಡೆಯಿರಿ. ಇದರ ಬದಲು ಶಾಸನಗಳಲ್ಲಿ ಬರುವ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಎರಡು ಪದಗಳನ್ನು ವಿವರಿಸಿದ್ದರೆ ಹೆಚ್ಚು ಲಾಭವಿತ್ತು. ಕೆರೆ ಕಟ್ಟಿದವನಿಗೆ, ಒಡೆದ ಕೆರೆ ಕಟ್ಟಿಸಿಕೊಟ್ಟವನಿಗೆ ಕೆರೆಯ ಕೆಳಗಿನ ಭೂಮಿಯನ್ನೇ ಬಿಟ್ಟುಕೊಡುವುದು, ಆ ಭೂಮಿಯ ಹುಟ್ಟುವಳಿಯಲ್ಲೇ ಹೂಳು ತೆಗೆಸುವುದು, ಏರಿಗೆ ಮಣ್ಣು ಹಾಕಿಸುವುದು. ಕೆರೆ ಇಷ್ಟು ಶತಮಾನ ಉಳಿದದ್ದು ರಾಜನ ಹೆಸರಿನಿಂದಲ್ಲ, ಈ ಲೆಕ್ಕದಿಂದ.

ತೂಬಿನ ಹತ್ತಿರ ಬಂದಾಗ ನಡಿಗೆಗೆ ಜೀವ ಬರುತ್ತದೆ. ಈ ಸೀಮೆಯ ಹಳೆಯ ಕಲ್ಲು ತೂಬು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದಕ್ಕೆ ಇವರು ಒಂದು ಮಾದರಿ ಮಾಡಿಕೊಂಡಿದ್ದಾರೆ: 200 ಲೀಟರಿನ ನೀಲಿ ಡ್ರಮ್ಮು, ಬುಡದಲ್ಲಿ ಕಿರುಬೆರಳು ತೂರುವಷ್ಟು ತೂತು, ಅದಕ್ಕೆ ಮೇಲಿನಿಂದ ಕೂರುವ ಮರದ ಬಿರಡೆ. ಬಿರಡೆಯ ತುದಿ ಬುಗುರಿಯಂತೆ ಚೂಪು. ಅದಕ್ಕೆ ಉದ್ದನೆಯ ಕೋಲು, ಕೋಲು ಅತ್ತಿತ್ತ ಆಡದಂತೆ ಡ್ರಮ್ಮಿನ ಬಾಯಿಗೆ ತೂತು ಕೊರೆದ ಅಡ್ಡಪಟ್ಟಿ. ಕೆರೆಯೊಳಗೆ ನಿಂತಿರುವ ಎರಡು ಕಲ್ಲುಕಂಬ, ನಡುವೆ ತೂತುಳ್ಳ ಅಡ್ಡಗಲ್ಲುಗಳನ್ನು ನೋಡಿ ‘ಯಾವುದೋ ಗುಡಿಯ ಬಾಗಿಲು’ ಅಂದುಕೊಳ್ಳುವವರಿಗೆ ಈ ಡ್ರಮ್ಮು ಕಣ್ಣು ತೆರೆಸುತ್ತದೆ. ಕಂಬ ಇರುವುದು ಶೃಂಗಾರಕ್ಕಲ್ಲ, ಕೋಲು ನೆಟ್ಟಗೆ ಇಳಿದು ತೂಬಿನ ಕಣ್ಣಿಗೇ, ಅಂದರೆ ತೂತಿಗೇ, ಕೂರಲಿ ಅಂತ.

ಬಿರಡೆ ಚೂಪಾಗಿರುವುದಕ್ಕೂ ಕಾರಣವಿದೆ. ಮೇಲಿನ ನೀರೇ ಅದನ್ನು ಅದುಮಿ ಕೂರಿಸುತ್ತದೆ, ಸವೆದಷ್ಟೂ ಇನ್ನೊಂದು ಕೂದಲೆಳೆ ಕೆಳಗೆ ಇಳಿದು ಮತ್ತೆ ಬಿಗಿಯಾಗುತ್ತದೆ. ಆದರೆ ಆ ಅದುಮುವ ಭಾರವೇ ತೆಗೆಯುವಾಗ ತಲೆನೋವು. 20 ಸೆಂಟಿಮೀಟರ್ ಅಗಲದ ಕಣ್ಣು, ಅದರ ಮೇಲೆ 4 ಮೀಟರ್ ನೀರು ಅಂದುಕೊಳ್ಳಿ: ಬಿರಡೆಯ ಮೇಲೆ ಸುಮಾರು 125 ಕಿಲೋ ಭಾರ. ಒಬ್ಬಾಳು ಎತ್ತುವ ಮಾತಲ್ಲ. ಅದಕ್ಕೇ ಹಳಬರು ಒಂದೇ ದೊಡ್ಡ ಕಣ್ಣಿನ ಬದಲು ಬೇರೆ ಬೇರೆ ಎತ್ತರದಲ್ಲಿ ಸಣ್ಣ ಕಣ್ಣುಗಳನ್ನು ಇಡುತ್ತಿದ್ದರು. ಕೆರೆ ತುಂಬಿದ್ದಾಗ ಮೇಲಿನದು, ಇಳಿದ ಹಾಗೆ ಕೆಳಗಿನದು. ಮೇಲಿನ ಕಣ್ಣಿನ ನೀರಿನಲ್ಲಿ ಹೂಳೂ ಕಡಿಮೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಚೆಂದ. ಡ್ರಮ್ಮಿನಲ್ಲಿ ನೀರು 80 ಸೆಂಟಿಮೀಟರ್ ಇದ್ದಾಗ ಬಿರಡೆ ತೆಗೆದು 5 ಲೀಟರ್ ಬಕೆಟ್ ಹಿಡಿಯುತ್ತಾರೆ. 20 ಸೆಕೆಂಡಿನಲ್ಲಿ ತುಂಬುತ್ತದೆ. ನೀರು 20 ಸೆಂಟಿಮೀಟರಿಗೆ ಇಳಿದ ಮೇಲೆ ಅದೇ ಬಕೆಟ್ಟಿಗೆ 40 ಸೆಕೆಂಡು ಹತ್ತಿರ ಬೇಕು. ನೀರಿನ ಎತ್ತರ ಕಾಲುಭಾಗಕ್ಕೆ ಇಳಿದರೂ ಹರಿವು ಕಾಲುಭಾಗ ಆಗಲಿಲ್ಲ, ಅರ್ಧ ಆಯಿತು. ಜನವರಿ, ಫೆಬ್ರವರಿಯಲ್ಲಿ ‘ಕೆರೇಲಿ ನೀರು ಐತಲ್ಲ, ಕಾಲುವೇಲಿ ಯಾಕಿಲ್ಲ’ ಎಂದು, ತೂಬು ತೆಗೆದು ನೀರು ಹಂಚುವ ನೀರುಗಂಟಿಯ ಮೇಲೆ ಎಗರುವ ರೈತರಿಗೂ, ‘ತೂಬು ಪೂರಾ ತೆಗೆದಿದೀನಿ, ಇನ್ನೇನು ಮಾಡ್ಲಿ’ ಅನ್ನುವ ನೀರುಗಂಟಿಗೂ ನಡುವಿನ ಜಗಳದ ಅರ್ಧಭಾಗ ಈ ಬಕೆಟ್ಟಿನಲ್ಲಿದೆ. ಬ್ಯಾಚಿನಲ್ಲಿ ಮಕ್ಕಳಿದ್ದರೆ ಮುಂದೆ ನಿಲ್ಲಿಸಿ, ಸೆಕೆಂಡು ಎಣಿಸುವ ಕೆಲಸ ಅವರಿಗೇ ಕೊಡುತ್ತಾರೆ.

ಏರಿಯ ಹೊರಮೈ ಬುಡದಲ್ಲಿ ಒದ್ದೆ ಜಾಗ ತೋರಿಸಲು ಹಿರಿಯ ನೀರುಗಂಟಿಯೊಬ್ಬರು ಸೇರಿಕೊಳ್ಳುತ್ತಾರೆ. ಇಡೀ ನಡಿಗೆಯ ಒಳ್ಳೆಯ ಮಾತು ಬರುವುದು ಅವರ ಬಾಯಿಂದ: ‘ನೋಡಿ ಸ್ವಾಮಿ, ಬಸಿನೀರು ತಿಳಿಯಾಗಿದ್ರೆ ಏರಿ ಬೆವರ್ತಾ ಐತೆ ಅಂತ, ಕದಡಿದ್ರೆ ಏರಿ ಕರಗ್ತಾ ಐತೆ ಅಂತ.’ ಎಂಜಿನಿಯರ್ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಬೇಕು. ಮಣ್ಣಿನ ಏರಿಯಲ್ಲಿ ಜಿನುಗು ಇದ್ದೇ ಇರುತ್ತದೆ. ನೀರಿನ ಜತೆ ಮಣ್ಣಿನ ಕಣವೂ ಬರತೊಡಗಿದರೆ ಒಳಗೆ ಕೊಳವೆ ಕೊರೆಯುತ್ತಿದೆ ಎಂದರ್ಥ, ಅದು ದಿನದಿನಕ್ಕೆ ದೊಡ್ಡದಾಗುತ್ತದೆ. ಹೆಚ್ಚು ಭಯದ ಜಾಗ ಎಂದರೆ ತೂಬಿನ ಕಲ್ಲುಗಾಲುವೆ ಏರಿಯನ್ನು ದಾಟುವ ಸಾಲು, ಕಲ್ಲಿಗೂ ಮಣ್ಣಿಗೂ ಬೆಸುಗೆ ಬಿಡುವುದು ಅಲ್ಲೇ. ಎರಡನೆಯದು ಏರಿಯ ಮೇಲೆ ಬೆಳೆದ ಮರ. ಮರ ಬದುಕಿರುವ ತನಕ ಬೇರು ಮಣ್ಣು ಹಿಡಿದಿರುತ್ತದೆ, ಕಡಿದ ಮೇಲೆ ಬೇರು ಕೊಳೆತು ಅದೇ ನೀರಿನ ದಾರಿ. ಅದಕ್ಕೇ ಸಸಿಯಾಗಿದ್ದಾಗಲೇ ಕಿತ್ತುಬಿಡಬೇಕು. ಮೂರನೆಯದನ್ನು ಗೈಡ್ ಹೇಳಲಿಲ್ಲ, ಹೇಳಬೇಕಿತ್ತು: ತುಂಬಿದ ಕೆರೆಯನ್ನು ಒಮ್ಮೆಲೇ ಇಳಿಸಿದರೆ ಏರಿಯ ಒಳಮೈ ಕುಸಿಯುತ್ತದೆ. ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಎದುರಿಗೆ ಒತ್ತಿ ಹಿಡಿದಿದ್ದ ನೀರು ಇಲ್ಲವಾಗಿರುತ್ತದೆ.

ತಿಂಡಿ ಏರಿಯ ಕೆಳಗಿನ ತೋಟದಲ್ಲಿ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಫಿ. ಚೆನ್ನಾಗಿತ್ತು. ಆದರೆ ಮೂವತ್ತು ಜನರಿಗೆ ಒಂದೇ ಕಾವಲಿ, ಮುಕ್ಕಾಲು ಗಂಟೆ ಅಲ್ಲೇ ಹೋಯಿತು.

ಆಮೇಲೆ ಕಾಲುವೆಯ ದಂಡೆ ಹಿಡಿದು ನಡೆ. ಇಲ್ಲಿ ಕಲಿಯಬೇಕಾದ್ದು ಒಂದೇ ವಿಷಯ, ಇಳಿಜಾರು. ಹಳ್ಳ ತನ್ನ ಪಾಡಿಗೆ ಸರಸರ ಕೆಳಗಿಳಿಯುತ್ತದೆ. ಕಾಲುವೆ ಹಾಗಲ್ಲ, ಇಳಿದೂ ಇಳಿಯದ ಹಾಗೆ ದಿಣ್ಣೆಯ ಮೈ ಹಿಡಿದು ಸುತ್ತಿಕೊಂಡು ಹೋಗುತ್ತದೆ. ಅದಕ್ಕೇ ಮುಂದೆ ಹೋದಂತೆ ಕಾಲುವೆ ಮೇಲೆ, ಹಳ್ಳ ಕೆಳಗೆ, ನಡುವಿನ ಭೂಮಿಯೆಲ್ಲ ಗದ್ದೆ, ತೋಟ. ಇಂಥ ಮಣ್ಣು ಕಾಲುವೆಗೆ ಎರಡು ಸಾವಿರ ಅಡಿಗೆ ಒಂದು ಅಡಿ ಇಳಿಜಾರು ಹದವಾದದ್ದು. ಅದಕ್ಕಿಂತ ಕಡಿಮೆಯಾಗಿ ನೀರಿನ ವೇಗ ಸೆಕೆಂಡಿಗೆ 0.3 ಮೀಟರಿಗಿಂತ ಇಳಿದರೆ ಹೂಳು ಕೂರುತ್ತದೆ, ಜೊಂಡು ಏಳುತ್ತದೆ. ಇಳಿಜಾರು ಜಾಸ್ತಿಯಾದರೆ ತಳ ಕೊರೆದು ದಂಡೆ ಬೀಳುತ್ತದೆ. ತಿರುವುಗಳಲ್ಲಿ ನೋಡಿ: ಹೊರಬಳಸಿನ ದಂಡೆ ಕೊರೆದಿರುತ್ತದೆ, ಒಳಬಳಸಿನಲ್ಲಿ ಮರಳು ನಿಂತಿರುತ್ತದೆ.

ಇಳಿಜಾರು ಅಳೆಯುವುದನ್ನು ಇವರು ಗಾರೆ ಕೆಲಸದವರ ಮಟ್ಟದ ಪೈಪಿನಿಂದ ತೋರಿಸುತ್ತಾರೆ. 20 ಮೀಟರ್ ಪಾರದರ್ಶಕ ಪೈಪು, ಎರಡು ತುದಿಗೆ ಎರಡು ಅಳತೆಗೋಲು. ಉಪಾಯ ಒಳ್ಳೆಯದು, ಮಾಡುವ ರೀತಿ ಸರಿಯಿಲ್ಲ. ಲೆಕ್ಕ ಹಾಕಿ ನೋಡಿ: ಎರಡು ಸಾವಿರಕ್ಕೆ ಒಂದು ಅಂದರೆ 20 ಮೀಟರಿಗೆ ಬರುವ ವ್ಯತ್ಯಾಸ ಒಂದೇ ಸೆಂಟಿಮೀಟರ್. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೆ ಅದಕ್ಕಿಂತ ದೊಡ್ಡ ತಪ್ಪು ಬರುತ್ತದೆ. ಮೊದಲು ಎರಡು ತುದಿಯನ್ನೂ ಒಂದೇ ಕಡೆ ಜೋಡಿಸಿ ಹಿಡಿದು ನೀರು ಸಮ ಇದೆಯೇ ನೋಡಬೇಕು, ಪೈಪನ್ನು ಬೆರಳಿಂದ ತಟ್ಟಿ ಗುಳ್ಳೆ ಬಿಡಿಸಬೇಕು, ಬಿಸಿಲಲ್ಲಿ ಅರ್ಧ, ನೆರಳಲ್ಲಿ ಅರ್ಧ ಇಡಬಾರದು. ಕೋಲಿನ ಬುಡ ಕೆಸರಿನಲ್ಲಿ ಹೂಳದಂತೆ ಕೆಳಗೆ ಚಪ್ಪಟೆ ಕಲ್ಲು ಇಡಬೇಕು. ಇದ್ಯಾವುದೂ ನಡೆಯಲಿಲ್ಲ. ಬಂದ ಉತ್ತರದ ಪ್ರಕಾರ ನೀರು ಮೇಲಕ್ಕೆ ಹರಿಯುತ್ತಿತ್ತು! ಎಲ್ಲರೂ ನಕ್ಕು ಮುಂದೆ ಹೋದರು. ಆ ತಪ್ಪು ಯಾಕೆ ಬಂತು ಎಂದು ಐದು ನಿಮಿಷ ಹೇಳಿದ್ದರೆ, ಯಂತ್ರವಿಲ್ಲದ ಕಾಲದಲ್ಲಿ ಮೈಲಿಗಟ್ಟಲೆ ಕಾಲುವೆ ತೋಡಿದವರ ಕೈಚಳಕ ಏನು ಅನ್ನುವುದು ತಾನಾಗಿಯೇ ಗೊತ್ತಾಗುತ್ತಿತ್ತು. ಅವರಿಗೆ ಇದ್ದ ದೊಡ್ಡ ಅನುಕೂಲ ಎಂದರೆ ನೀರೇ. ಸ್ವಲ್ಪ ದೂರ ತೋಡಿ, ನೀರು ಬಿಟ್ಟು, ಅದು ನಿಂತಲ್ಲಿ ಮತ್ತೆ ತೋಡುವುದು.

ಹರಿವು ಅಳೆಯುವ ಆಟ ಮಾತ್ರ ಎಲ್ಲರಿಗೂ ಹಿಡಿಸುತ್ತದೆ. ನೇರವಾಗಿರುವ ಕಡೆ ದಂಡೆಯ ಮೇಲೆ 10 ಮೀಟರ್ ಅಳೆದು ಎರಡು ಗೂಟ ಹೊಡೆಯುತ್ತಾರೆ. ಮೊದಲ ಗೂಟಕ್ಕಿಂತ ಸ್ವಲ್ಪ ಮೇಲೆ ನಿಂಬೆಹಣ್ಣು ಎಸೆಯುತ್ತಾರೆ. ನಿಂಬೆಹಣ್ಣೇ ಯಾಕೆಂದರೆ ಅದು ಮುಕ್ಕಾಲುಪಾಲು ಮುಳುಗಿಯೇ ತೇಲುತ್ತದೆ, ಗಾಳಿಗೆ ಓಡುವುದಿಲ್ಲ. ಒಣ ಎಲೆ, ಥರ್ಮಾಕೋಲು ಹಾಕಿದರೆ ನೀವು ಅಳೆಯುವುದು ಗಾಳಿಯನ್ನು. ಅವತ್ತು ಮೂರು ಸಲ ಎಸೆದು ಸರಾಸರಿ 25 ಸೆಕೆಂಡು ಬಂತು. ಕಾಲುವೆಯ ಸರಾಸರಿ ಅಗಲ ಒಂದೂವರೆ ಮೀಟರ್, ಆಳ ಅರ್ಧ ಮೀಟರ್. ಗೈಡ್ ಗುಣಿಸಿ ಹತ್ತೂವರೆ ಕ್ಯೂಸೆಕ್ಸ್ (ಒಂದು ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಎಂದು ಘೋಷಿಸಿದರು. ತಪ್ಪಿದ್ದು ಇಲ್ಲೇ. ಮೇಲ್ಮೈಯ ನೀರು ಓಡುವಷ್ಟು ಜೋರಾಗಿ ತಳದ ನೀರು, ದಂಡೆ ಪಕ್ಕದ ನೀರು ಓಡುವುದಿಲ್ಲ. ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಸೆಕೆಂಡಿಗೆ 0.4 ಮೀಟರ್ ಇದ್ದದ್ದು 0.34 ಆಗುತ್ತದೆ, 0.75 ಚದರ ಮೀಟರಿಗೆ ಗುಣಿಸಿದರೆ ಸೆಕೆಂಡಿಗೆ 255 ಲೀಟರ್, ಅಂದರೆ 9 ಕ್ಯೂಸೆಕ್ಸ್. ಜೊಂಡು ತುಂಬಿದ ಕಾಲುವೆಯಾದರೆ 0.85ಕ್ಕಿಂತಲೂ ಕಡಿಮೆ ಹಿಡಿಯಬೇಕು.

ಒಂದೂವರೆ ಕ್ಯೂಸೆಕ್ಸ್ ವ್ಯತ್ಯಾಸ ಏನು ಮಹಾ ಅನ್ನಬೇಡಿ. ಒಂದು ಕ್ಯೂಸೆಕ್ಸ್ ಹಗಲು ರಾತ್ರಿ ಹರಿದರೆ ಎರಡು ಎಕರೆಗೆ ಒಂದು ಅಡಿ ನೀರು ನಿಲ್ಲುತ್ತದೆ. ಹತ್ತು ದಿನದ ಸರದಿಯಲ್ಲಿ ಆ ಒಂದೂವರೆ ಕ್ಯೂಸೆಕ್ಸ್ ಎಂದರೆ ಮೂವತ್ತು ಎಕರೆ-ಅಡಿ, ಅಂದರೆ ಮೂವತ್ತು ಎಕರೆಗೆ ಒಂದು ಅಡಿ ನೀರು. ಬತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ಸುಮಾರು ನಾಲ್ಕು ಅಡಿ ನೀರು ಬೇಕು ಅಂದುಕೊಂಡರೆ ಏಳು ಎಕರೆಗೂ ಮಿಕ್ಕಿ ಬತ್ತದ ನೀರು ಬರೀ ಕಾಗದದಲ್ಲಿ ಬೆಳೆದಂತಾಯಿತು.

ನಡುವಿನ ಭಾಗ ಇಲ್ಲಿ ಎಳೆಯುತ್ತದೆ. ಎರಡು ಕಿಲೋಮೀಟರ್ ಸುಮ್ಮನೆ ನಡೆಸುತ್ತಾರೆ, ಗೈಡ್ ಮುಂದೆ, ಜನ ಹಿಂದೆ ಸಾಲಾಗಿ. ಮೂವತ್ತು ಜನರ ಸಾಲಿನಲ್ಲಿ ಹಿಂದಿನ ಹತ್ತು ಜನಕ್ಕೆ ಏನೂ ಕೇಳಿಸುವುದಿಲ್ಲ. ನೋಡುವುದಕ್ಕೆ ಬೇಕಾದಷ್ಟು ಇದೆ: ಹಳ್ಳ ಕಾಲುವೆಯನ್ನು ಅಡ್ಡ ಹಾಯುವಲ್ಲಿ ಕೆಳಗೆ ಮೋರಿ ಕೊಟ್ಟಿರುವುದು, ಮೋರಿಯ ಬಾಯಿಗೆ ಮುಳ್ಳು, ಪ್ಲಾಸ್ಟಿಕ್ ಸಿಕ್ಕಿ ಮಳೆಗಾಲದಲ್ಲಿ ದಂಡೆ ಒಡೆಯುವುದು, ಏಡಿಯ ಬಿಲ. ಏಡಿ ಬಿಲ ಸಣ್ಣ ವಿಷಯವಲ್ಲ. ಬೆರಳಷ್ಟು ತೂತು ರಾತ್ರಿ ಕಳೆಯುವುದರೊಳಗೆ ಮೊಳದಷ್ಟಾಗುತ್ತದೆ. ಮೇಲಿನಿಂದ ಮಣ್ಣು ತುರುಕಿದರೆ ನಿಲ್ಲುವುದಿಲ್ಲ. ಕಾಲುವೆಯ ಒಳಬದಿಯ ಬಾಯಿ ಹುಡುಕಿ, ಬಿಲದ ಜಾಡು ಅಗೆದು ತೆರೆದು, ಜೇಡಿಮಣ್ಣನ್ನು ಪದರ ಪದರವಾಗಿ ತುಳಿದು ತುಂಬಬೇಕು. ದಾರಿಯಲ್ಲಿ ಒಬ್ಬ ರೈತ ಸನಿಕೆ ಹಿಡಿದು ಇದನ್ನೇ ಮಾಡುತ್ತಿದ್ದರೂ ಗುಂಪು ನಿಲ್ಲದೆ ದಾಟಿಹೋಯಿತು. ನಡಿಗೆ ನಡೆಸುವವರು ಸರಿಮಾಡಿಕೊಳ್ಳಬೇಕಾದ್ದು ಇಂಥ ಕಡೆ. ಬ್ಯಾಚಿಗೆ ಹದಿನೈದು ಜನ ಸಾಕು.

ಕೊನೆಯ ಮುಕ್ಕಾಲು ಗಂಟೆ ಮತ್ತೆ ಒಳ್ಳೆಯದು. ಮೇಲುಭಾಗದಲ್ಲಿ ಅಡಿಕೆ, ತೆಂಗು, ಬತ್ತ. ಕೆಳಗೆ ಬಂದ ಹಾಗೆ ಕಾಲುವೆ ಸಣ್ಣಗಾಗುತ್ತಾ, ದಂಡೆ ಸವೆಯುತ್ತಾ, ಕೊನೆಗೆ ಒಂದು ಹೆಜ್ಜೆಗೆ ದಾಟುವಷ್ಟಾಗುತ್ತದೆ. ಅಲ್ಲಿಯ ಹೊಲದಲ್ಲಿ ರಾಗಿ. ಕೊನೆಭಾಗಕ್ಕೆ ನೀರು ಯಾಕೆ ಮುಟ್ಟುವುದಿಲ್ಲ ಎಂಬುದಕ್ಕೆ ಗೈಡ್ ‘ಮೇಲಿನವರ ಮೋಟಾರು’ ಎಂದು ಒಂದೇ ಕಾರಣ ಕೊಡುತ್ತಾರೆ. ಅದು ನಿಜ, ಆದರೆ ಪೂರ್ತಿ ಅಲ್ಲ. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಮೊದಲು ಕುಡಿಯುವುದು ಕಾಲುವೆಯ ಮಣ್ಣೇ. ಎರಡು ದಿನ ಬಿಟ್ಟು, ಎರಡು ದಿನ ನಿಲ್ಲಿಸಿ ಎಂದು ತುಂಡು ತುಂಡಾಗಿ ಕೊಟ್ಟರೆ ಪ್ರತಿ ಸಲವೂ ಆ ಕುಡಿತದ ಸುಂಕ ಕಟ್ಟಬೇಕು. ಉದ್ದನೆಯ ಸರದಿಯಲ್ಲಿ ತುಂಬ ಬಿಟ್ಟು, ಉದ್ದ ನಿಲ್ಲಿಸಿದರೆ ನಷ್ಟ ಕಡಿಮೆ. ಜತೆಗೆ ಕೊನೆಯ ಗದ್ದೆಯಿಂದ ಶುರುಮಾಡಿ ಮೇಲಕ್ಕೆ ಗದ್ದೆಗಳಿಗೆ ನೀರು ಬಿಡುವ ಬಾಯಿ ತೆರೆಯುತ್ತಾ ಬಂದರೆ ಕೊನೆಯವರಿಗೂ ಒಂದು ಪಾಲು ಖಾತ್ರಿ. ಮೇಲಿನಿಂದ ಶುರುಮಾಡಿದರೆ ಕೊನೆಯವರಿಗೆ ಸಿಗುವುದು ಉಳಿದರೆ ಉಂಟು. ಹೇಳುವುದು ಸುಲಭ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಮೇಲಿನ ಬಾಯಿಗಳನ್ನೆಲ್ಲ ಕಾಯುವವರು ಬೇಕಲ್ಲ. ಈ ಭಾಗದಲ್ಲೂ ನೀರುಗಂಟಿಯನ್ನೇ ಮಾತಾಡಲು ಬಿಟ್ಟಿದ್ದರೆ ಚೆನ್ನಿತ್ತು. ಅವರನ್ನು ಏರಿಯ ಹತ್ತಿರವೇ ಬಿಟ್ಟು ಬರುತ್ತಾರೆ.

ಯಾವಾಗ ಹೋಗಬೇಕು? ಕೆರೆ ತುಂಬಿ ಕಾಲುವೆಗೆ ನೀರು ಬಿಟ್ಟ ಮೇಲೆ ಹೋದರೆ ನಿಂಬೆಹಣ್ಣಿನ ಲೆಕ್ಕ, ಬಸಿನೀರು, ಹಸಿರು ಎಲ್ಲ ಸಿಗುತ್ತದೆ. ನವೆಂಬರಿನಿಂದ ಜನವರಿ ಹದ, ದಂಡೆಯ ಮಣ್ಣು ಗಟ್ಟಿಯಾಗಿರುತ್ತದೆ. ಆದರೆ ಕಾಲುವೆ ಹೇಗೆ ಕಟ್ಟಿದ್ದಾರೆ ಅನ್ನುವುದು ಕಾಣಬೇಕಾದರೆ ಬೇಸಿಗೆಯಲ್ಲಿ, ನೀರು ನಿಂತ ಮೇಲೆ ಒಂದು ಸಲ ಹೋಗಬೇಕು. ತಳದ ಕಲ್ಲು, ಹೂಳಿನ ಪದರ, ಮೋರಿಯ ಒಳಗೋಡೆ ಆಗಲೇ ಕಾಣುವುದು. ಏಪ್ರಿಲ್‌ನ ಬ್ಯಾಚನ್ನು ಜನ ಬರುವುದಿಲ್ಲವೆಂದು ನಿಲ್ಲಿಸಿದ್ದಾರೆ, ಅದು ತಪ್ಪು ತೀರ್ಮಾನ. ಜುಲೈ, ಆಗಸ್ಟಿನ ಜೋರು ಮಳೆಯಲ್ಲಿ ಬೇಡ. ದಂಡೆ ಜಾರುತ್ತದೆ, ಕೋಡಿಯ ಹತ್ತಿರ ಇಳಿಯುವ ಹುಚ್ಚುತನ ಗುಂಪಿನಲ್ಲಿ ಯಾರಿಗಾದರೂ ಒಬ್ಬರಿಗೆ ಬಂದೇ ಬರುತ್ತದೆ.

ಚಿಕ್ಕಮಗಳೂರು–ಕಡೂರು ರಸ್ತೆಯಲ್ಲಿ ಬಸ್ಸಿಗೇನೂ ಕೊರತೆಯಿಲ್ಲ, ಸಖರಾಯಪಟ್ಟಣದಲ್ಲಿ ಇಳಿದು ಆಟೊ ಹಿಡಿಯಬೇಕು. ವಾಪಸ್ ಬರುವ ಆಟೊವನ್ನು ಹೋಗುವಾಗಲೇ ಮಾತಾಡಿಟ್ಟುಕೊಳ್ಳಿ. ನಡಿಗೆ ಮುಗಿಯುವುದು ಶುರುವಾದ ಜಾಗದಲ್ಲಲ್ಲ, ಕಾಲುವೆಯ ಕೊನೆಯಲ್ಲಿ. ಈ ವಿಷಯವನ್ನು ಬುಕಿಂಗ್ ಮಾಡುವಾಗ ಯಾರೂ ಹೇಳುವುದಿಲ್ಲ, ಸ್ವಂತ ಕಾರು ಏರಿಯ ಹತ್ತಿರ ಬಿಟ್ಟವರು ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ಹಿಂದೆ ನಡೆಯಬೇಕಾಯಿತು. ದಾರಿಯಲ್ಲಿ ಶೌಚಾಲಯ ಇಲ್ಲ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ, ಜೊಂಡಿನ ಪಕ್ಕ ಹಾವಿರುತ್ತದೆ, ಕೈಯಲ್ಲೊಂದು ಕೋಲಿರಲಿ. ತಲಾ ಒಂದೂವರೆ ಲೀಟರ್ ನೀರು. ಕಾಲುವೆ ನೀರಿಗೆ ತೋಟಗಳ ಔಷಧಿ ಸೇರಿರುತ್ತದೆ, ಮುಖ ತೊಳೆಯುವುದೂ ಬೇಡ. ಎಂಟು ವರ್ಷದೊಳಗಿನ ಮಕ್ಕಳನ್ನು ತಿಂಡಿಯವರೆಗೆ ಮಾತ್ರ ಕರೆತನ್ನಿ, ಡ್ರಮ್ಮು, ಬಕೆಟ್ಟು ಅಷ್ಟರಲ್ಲಿ ಮುಗಿದಿರುತ್ತದೆ. ಹೆಸರು ಬರೆಸುವಾಗ ನೀರುಗಂಟಿ ಬರುತ್ತಾರೋ ಇಲ್ಲವೋ ಒಂದು ಮಾತು ಕೇಳಿ, ಬರದಿದ್ದರೆ ಮುಂದಿನ ವಾರಕ್ಕೆ ಬರೆಸಿ. ಮತ್ತೆ, ನಿಂಬೆಹಣ್ಣು ನೀವೇ ಎರಡು ಇಟ್ಟುಕೊಂಡಿರಿ. ಅವರು ತರುವ ಒಂದು ಎರಡನೇ ಎಸೆತಕ್ಕೇ ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.